ಸಿಪಿ ಮಕ್ಕಳಿಗೆ ಥೆರಪಿ ಫಲ ಕೊಟ್ಟಿತಾ ಅಂತ ನಾನು ನೋಡೋದು ಹೀಗೆ

ಬಾಗಲಕೋಟೆಯ ನವನಗರದಲ್ಲಿ ನಾನು ಮಕ್ಕಳ ಫಿಸಿಯೋಥೆರಪಿ ಮಾಡುತ್ತೇನೆ. ಬರುವವರಲ್ಲಿ ಸೆರೆಬ್ರಲ್ ಪಾಲ್ಸಿ (ಸಿಪಿ), ಅಂದರೆ ಎಳೆ ಮಿದುಳಿಗೆ ಪೆಟ್ಟಾಗಿ ಮೈಯ ಚಲನೆ ಹಿಡಿತಕ್ಕೆ ಸಿಗದ ತೊಂದರೆ, ಇರುವ ಮಕ್ಕಳೇ ಜಾಸ್ತಿ. ಬೀಳಗಿ, ಇಳಕಲ್, ಗುಳೇದಗುಡ್ಡ ಕಡೆಯಿಂದ ಮಗುವನ್ನು ಬಗಲಲ್ಲಿ ಎತ್ತಿಕೊಂಡು ಬಸ್ಸಿನಲ್ಲಿ ಬರುತ್ತಾರೆ. ಕೂತ ಕೂಡಲೇ ಕೇಳುವುದು ಒಂದೇ ಮಾತು: "ಮೇಡಂ, ನಮ್ಮ ಹುಡುಗ ಅಡ್ಡಾಡ್ತಾನೇನ್ರೀ?"

ಇದಕ್ಕೆ ನೇರ ಉತ್ತರ ಕೊಡಲೇಬೇಕು. "ನೋಡೋಣ, ಎಕ್ಸರ್‌ಸೈಜ್ ಮಾಡಿಸ್ತಾ ಇರಿ" ಅಂತ ವರ್ಷಗಟ್ಟಲೆ ತಳ್ಳಿದರೆ ಆ ಮನೆಯವರು ಊರೂರು ಅಲೆದು ಬಂಗಾರ ಅಡ ಇಡುತ್ತಾರೆ, ಸ್ಟೆಮ್ ಸೆಲ್ ಹಾಕಿಸಿದರೆ ಸರಿಹೋಗುತ್ತೆ ಅಂದವರನ್ನು ನಂಬಿ ಹೊಲ ಮಾರುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಪ್ರಕಾರ ಸಿಪಿಗೆ ಅದು ಒಪ್ಪಿತ ಚಿಕಿತ್ಸೆಯೇ ಅಲ್ಲ.

ನೇರ ಉತ್ತರ ಕೊಡಲು ನಮ್ಮ ಕೈಯಲ್ಲಿ ಆಧಾರ ಇದೆ. ಮೊದಲು ಮಗುವಿನ ಜಿಎಂಎಫ್‌ಸಿಎಸ್ ಹಂತ ನೋಡುತ್ತೇನೆ. ಮಗು ಎಷ್ಟರಮಟ್ಟಿಗೆ ಕೂರಬಲ್ಲದು, ನಡೆಯಬಲ್ಲದು ಅಂತ 1ರಿಂದ 5ರವರೆಗೆ ವಿಂಗಡಿಸುವ ಪಟ್ಟಿ ಅದು, ಅಂಕಿ ಹೆಚ್ಚಿದಷ್ಟೂ ಕಷ್ಟ ಹೆಚ್ಚು. 1ನೇ ಹಂತದ ಮಗು ತಾನೇ ನಡೆಯುತ್ತದೆ, ಓಡುತ್ತದೆ. 3ರಲ್ಲಿ ವಾಕರ್ ಬೇಕು. 5ರಲ್ಲಿ ಕತ್ತು ನಿಲ್ಲಿಸುವುದೇ ಕಷ್ಟ. ಕೆನಡಾದಲ್ಲಿ 657 ಮಕ್ಕಳನ್ನು ವರ್ಷಗಳ ಕಾಲ ಗಮನಿಸಿ 2002ರಲ್ಲಿ ಪ್ರಕಟಿಸಿದ ಅಧ್ಯಯನ ಒಂದಿದೆ. ಅದರ ಪ್ರಕಾರ, ಕೂರುವುದು, ನಿಲ್ಲುವುದು, ನಡೆಯುವುದು ಇವುಗಳಲ್ಲಿ ಒಂದು ಮಗು ಎಷ್ಟು ಮುಟ್ಟಬಲ್ಲದೋ ಅದರ ಶೇ. 90ರಷ್ಟನ್ನು ಸುಮಾರು 5 ವರ್ಷದೊಳಗೇ ಮುಟ್ಟುತ್ತದೆ. 5ನೇ ಹಂತದವರಲ್ಲಿ ಇದು 3 ವರ್ಷಕ್ಕೂ ಮುಂಚೆಯೇ ಆಗಿಹೋಗುತ್ತದೆ. ಹಾಗಾಗಿ 7 ವರ್ಷದ, 5ನೇ ಹಂತದ ಮಗುವಿನ ತಾಯಿಗೆ ನಾನು ಪಕ್ಕ ಕೂತು ಹೇಳುತ್ತೇನೆ, ಅವನು ನಡೆಯುವುದಿಲ್ಲ ಅವ್ವಾ. ಅವರು ಅಳುತ್ತಾರೆ. ಅಳಲಿ, ಆವತ್ತು ಬೇರೆ ಏನೂ ಮಾಡಿಸುವುದಿಲ್ಲ.

ಮುಂದಿನ ಸಲ ಬಂದಾಗ ನಾನು ಕೇಳುವ ಪ್ರಶ್ನೆ: "ಮನೆಯಲ್ಲಿ ಇವನು ಏನು ಮಾಡಿದರೆ ನಿಮ್ಮ ದಿನ ಹಗುರಾಗುತ್ತೆ?" ಇಲ್ಲಿಂದಲೇ ನನ್ನ ಕೆಲಸ ಶುರು.

ಗುಳೇದಗುಡ್ಡದ ಒಬ್ಬ ತಾಯಿ ಖಣ ನೇಯುತ್ತಾರೆ. ಮಗ 4ನೇ ಹಂತ. ಆ ತಾಯಿ ಅಂದದ್ದು, "ತನ್ನ ಕೈಲೆ ರೊಟ್ಟಿ ತಿಂದ್ರ ಸಾಕ್ರಿ, ನಾ ಮಗ್ಗದ ಮುಂದ ಕುಂಡ್ರಬಹುದು." ಇದಕ್ಕಿಂತ ಒಳ್ಳೆ ಗುರಿ ಯಾವ ಪುಸ್ತಕದಲ್ಲೂ ಸಿಗಲ್ಲ ಅಲ್ವಾ? ಒಂದು ಹಾಳೆಯಲ್ಲಿ ಐದು ಮೆಟ್ಟಿಲು ಬರೆದೆವು. ಮೈನಸ್ 2 ಅಂದರೆ ಇವತ್ತಿನ ಸ್ಥಿತಿ: ತೊಡೆ ಮೇಲೆ ಒರಗಿಸಿಕೊಂಡು ತಾಯಿಯೇ ತಿನ್ನಿಸುವುದು. ಮೈನಸ್ 1, ಕೈಗೆ ಕೊಟ್ಟ ತುತ್ತನ್ನು ಬಾಯಿವರೆಗೆ ಒಯ್ಯುವುದು. ಸೊನ್ನೆ ನಮ್ಮ ಗುರಿ: ಕುರ್ಚಿಯಲ್ಲಿ ಕೂತು, ಮುರಿದಿಟ್ಟ ಅರ್ಧ ರೊಟ್ಟಿ ತಾನೇ ತಿನ್ನುವುದು. ಪ್ಲಸ್ 1 ತಾನೇ ಮುರಿಯುವುದು. ಪ್ಲಸ್ 2 ಪಲ್ಯದಲ್ಲಿ ಅದ್ದಿ ತಿನ್ನುವುದು. ಇದಕ್ಕೆ ಗೋಲ್ ಅಟೇನ್‌ಮೆಂಟ್ ಸ್ಕೇಲ್ ಅಂತಾರೆ. ಮೂರು ತಿಂಗಳ ಗಡುವು ಹಾಕುತ್ತೇನೆ, ಹಾಳೆ ಅವರ ಮನೆ ಗೋಡೆಗೇ ಹೋಗುತ್ತದೆ.

ಮೊದಲ ಕೆಲಸ ಕುರ್ಚಿ. ಊರಿನ ಬಡಿಗೇರರೇ ಮಾಡಿಕೊಟ್ಟರು. ಬೆನ್ನಿಗೆ ಎರಡು ಹಲಗೆ ಮೂಲೆ ಸೇರುವಂತೆ, ಪಾದ ಪೂರ್ತಿ ಊರುವಂತೆ ಕೆಳಗೊಂದು ಮಣೆ, ಮೊಣಕೈ ಇಡಲು ಮುಂದೊಂದು ಹಲಗೆ. ಸೊಂಟ ಜಾರದಂತೆ ಅಗಲವಾದ ಪಟ್ಟಿ. ಮೈ ಗಟ್ಟಿಯಾಗಿ ಕೂತರೆ ಮಾತ್ರ ಕೈ ಬಿಡುವಾಗುತ್ತದೆ. ಮಲಗಿಸಿ ತಿನ್ನಿಸುವಾಗ ಬರುತ್ತಿದ್ದ ಕೆಮ್ಮೂ ಕಡಿಮೆಯಾಯಿತು. ಖಡಕ್ ರೊಟ್ಟಿ ಬೇಡ, ಮೆತ್ತನೆಯ ಬಿಸಿ ರೊಟ್ಟಿ ಹೆಸರುಕಾಳು ಪಲ್ಯದ ರಸದಲ್ಲಿ ನೆನೆಸಿ ಕೊಡಿ ಅಂದೆ. ದಿನಾ ಎರಡು ಹೊತ್ತಿನ ಊಟವೇ ಥೆರಪಿ. ಅಜ್ಜಿ ಎಣ್ಣೆ ತಿಕ್ಕುತ್ತಿದ್ದರು, ಬೇಡ ಅನ್ನಲಿಲ್ಲ, ಆದರೆ ತಿಕ್ಕಿದ ಮಾತ್ರಕ್ಕೆ ಕೈ ಕೆಲಸ ಕಲಿಯುವುದಿಲ್ಲ, ಕೆಲಸ ಮಾಡಿಯೇ ಕಲಿಯಬೇಕು ಅಂತ ಬಿಡಿಸಿ ಹೇಳಿದೆ.

ಮೂರು ತಿಂಗಳಿಗೆ ತಾಯಿ ಮೊಬೈಲಿನಲ್ಲಿ ವಿಡಿಯೋ ತಂದರು. ಅಂಗಿಯೆಲ್ಲ ಪಲ್ಯ, ತಟ್ಟೆ ಖಾಲಿ. ಸೊನ್ನೆ ಮುಟ್ಟಿದ್ದ. ಅದೇ ಹೊತ್ತಿಗೆ, ಕೂರುವುದು, ನಿಲ್ಲುವುದು, ನಡೆಯುವುದನ್ನು ಅಳೆಯಲು ಮಾಡಿದ ಜಿಎಂಎಫ್‌ಎಂ ಪರೀಕ್ಷೆಯಲ್ಲಿ ಅಂಕ ಅಷ್ಟೇನೂ ಅಲುಗಿರಲಿಲ್ಲ. ಆ ಅಂಕವೊಂದನ್ನೇ ನೋಡಿದ್ದರೆ ಥೆರಪಿ ವ್ಯರ್ಥ ಅನ್ನಬೇಕಿತ್ತು. ನಾನು ಎರಡನ್ನೂ ಫೈಲಿನಲ್ಲಿ ಬರೆದಿಡುತ್ತೇನೆ.

ಸ್ನಾಯುಗಳ ಬಿಗಿತ ಸಡಿಲಿಸಲು ಕೊಡುವ ಬೊಟಾಕ್ಸ್ ಇಂಜೆಕ್ಷನ್‌ಗೂ ಇದೇ ಲೆಕ್ಕ. ಅದರ ಗುಣ ಸುಮಾರು ಮೂರು ತಿಂಗಳು. ಏನು ಸಾಧಿಸಬೇಕು ಅಂತ ಮೊದಲೇ ಬರೆದಿಡದೆ ಸುಮ್ನೆ ಹಾಕಿಸಿದರೆ ಆ ಮೂರು ತಿಂಗಳು ಹಾಗೇ ಕಳೆದುಹೋಗುತ್ತವೆ.

ಇನ್ನೊಂದು ವಿಷಯ, ಸೊಂಟದ ಕೀಲು. 4, 5ನೇ ಹಂತದ ಮಕ್ಕಳಲ್ಲಿ ಅದು ನಿಧಾನಕ್ಕೆ ಜರುಗುತ್ತದೆ, ಮೊದಮೊದಲು ನೋವೇ ಇರುವುದಿಲ್ಲ. ಮಗು ಅಳಲು ಶುರುಮಾಡುವ ಹೊತ್ತಿಗೆ ತಡವಾಗಿರುತ್ತದೆ. ಕೀಲು ಜಾಗದಲ್ಲೇ ಉಳಿದರೆ ಅದೂ ಚಿಕಿತ್ಸೆಯ ಫಲವೇ. ನಿಮ್ಮ ಮಗುವಿಗೆ ಇದುವರೆಗೆ ಸೊಂಟದ ಎಕ್ಸ್‌ರೇ ಆಗಿಲ್ಲದಿದ್ದರೆ ಮುಂದಿನ ಭೇಟಿಯಲ್ಲೇ ಮೂಳೆ ಡಾಕ್ಟರನ್ನು ಕೇಳಿ. ಖರ್ಚಿನ ಚಿಂತೆ ಇದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟಿನ ನಿರಾಮಯ ಅನ್ನುವ ಆರೋಗ್ಯ ವಿಮೆ ಇದೆ, 1 ಲಕ್ಷ ರೂಪಾಯಿವರೆಗೆ, ಥೆರಪಿಯೂ ಅದರಲ್ಲಿ ಸೇರುತ್ತದೆ.