ಸಿನಿಮಾ ನೋಡಿ ಇತಿಹಾಸ ಓದಿದ್ದು

ಇತಿಹಾಸದ ತರಗತಿಯಲ್ಲಿ ಸಿನಿಮಾ ತೋರಿಸುತ್ತಾರೆ ಎಂದರೆ ಕೇಳಿದವರಿಗೆಲ್ಲ ಹೊಟ್ಟೆಕಿಚ್ಚು. ಸುಮ್ಮನೆ ಕುಳಿತು ನೋಡಿದರೆ ಅಂಕ ಬರುತ್ತದೆ, ಪುಣ್ಯವಂತರು ಎಂದು ಬೇರೆ ವಿಭಾಗದ ಗೆಳೆಯರು ಛೇಡಿಸುತ್ತಿದ್ದರು. ಪದವಿಯಲ್ಲಿ ನಾನು ಆರಿಸಿಕೊಂಡ ಐಚ್ಛಿಕ ವಿಷಯಗಳಲ್ಲಿ ಇದರಷ್ಟು ಓದಿಸಿದ್ದು, ಇದರಷ್ಟು ಬರೆಸಿದ್ದು ಇನ್ನೊಂದಿಲ್ಲ.

ಮೇಷ್ಟ್ರು ಹೇಳಿಕೊಟ್ಟ ಮೊದಲ ಕೆಲಸ ತೀರಾ ಸಣ್ಣದು. ಟಿಪ್ಪಣಿ ಪುಟದ ನೆತ್ತಿಯಲ್ಲಿ ಎರಡು ಇಸವಿ ಬರೆಯಬೇಕು: ಕಥೆ ನಡೆಯುವ ಕಾಲದ್ದು ಒಂದು, ಚಿತ್ರ ತಯಾರಾದದ್ದು ಇನ್ನೊಂದು. ಮೊದಲನೆಯದರ ಬಗ್ಗೆ ಪುಸ್ತಕಗಳು ಹೇಳುತ್ತವೆ, ಚಿತ್ರ ಸಾಕ್ಷಿ ನುಡಿಯುವುದು ಎರಡನೆಯದಕ್ಕೆ ಎನ್ನುವುದು ಅವರ ವಾದ. ಕೇಳಿದಾಗ ಸುಲಭವಾಗಿ ಕಂಡಿತು. ಅದು ಕೈಗೆ ಹತ್ತಿದ್ದು ಸೋವಿಯತ್ ನಿರ್ದೇಶಕ ಐಸೆನ್‌ಸ್ಟೈನ್‌ನ 'ಬ್ಯಾಟಲ್‌ಶಿಪ್ ಪೊಟೆಮ್ಕಿನ್' ನೋಡಿದ ಮೇಲೆ.

ಮೂಕಿ ಚಿತ್ರ ಎಂದಾಗ ಹಿಂದಿನ ಬೆಂಚುಗಳಲ್ಲಿ ನಿದ್ದೆಗೆ ತಯಾರಿ ನಡೆದಿತ್ತು. ಒಡೆಸ್ಸಾ ಬಂದರು ನಗರದ ಮೆಟ್ಟಿಲುಗಳ ಮೇಲೆ ಸೈನಿಕರು ಜನರಿಗೆ ಗುಂಡು ಹಾರಿಸುವ ದೃಶ್ಯ ಬಂದಾಗ ಅಲ್ಲಿಯೂ ತಲೆಗಳು ಎದ್ದವು. ಮರುವಾರ ಅದೇ ದೃಶ್ಯವನ್ನು ತಡೆತಡೆದು ಹಾಕಿದರು. ಪ್ರತಿ ಚಿತ್ರಿಕೆಯಲ್ಲಿ (ಶಾಟ್) ಯಾರಿದ್ದಾರೆ, ಯಾವ ಕಡೆಗೆ ಚಲಿಸುತ್ತಿದ್ದಾರೆ, ಮುಖ ಕಾಣುತ್ತದೆಯೇ ಎಂದು ಒಂದೊಂದು ಸಾಲು ಬರೆದುಕೊಳ್ಳಬೇಕಿತ್ತು. ಹಾಳೆ ತುಂಬುತ್ತ ಹೋದಂತೆ ಲೆಕ್ಕ ತಾನೇ ಬಾಯಿಬಿಟ್ಟಿತು. ಸೈನಿಕರ ಕಡೆಗೆ ಬೂಟು, ಬಂದೂಕು, ಸಾಲುಸಾಲು ನೆರಳು. ಜನರ ಕಡೆಗೆ ಮುಖಗಳು: ಮೂಗಿಗೆ ಸಿಕ್ಕಿಸುವ ಕನ್ನಡಕದ ಹೆಂಗಸು, ಗಾಯಗೊಂಡ ಮಗನನ್ನು ಎತ್ತಿಕೊಂಡು ಎಲ್ಲರೂ ಇಳಿದು ಓಡುವಾಗ ಒಬ್ಬಳೇ ಮೇಲೇರಿ ಬರುವ ತಾಯಿ, ಕೂಸಿನ ಗಾಡಿ. ಮೆಟ್ಟಿಲುಗಳಂತೂ ಮುಗಿಯುವುದೇ ಇಲ್ಲ. ಓಡಿ ಇಳಿಯಲು ಬೇಕಾದದ್ದಕ್ಕಿಂತ ಎಷ್ಟೋ ಹೆಚ್ಚು ಹೊತ್ತನ್ನು ಸಂಕಲನ ಎಳೆದುಕೊಡುತ್ತದೆ.

ಆಮೇಲೆ ಓದು. 1905ರ ಜೂನ್‌ನಲ್ಲಿ ರಷ್ಯದ ಪೊಟೆಮ್ಕಿನ್ ಯುದ್ಧನೌಕೆಯ ನಾವಿಕರು ದಂಗೆ ಎದ್ದದ್ದು ನಿಜ, ಒಡೆಸ್ಸಾದ ಬಂದರಿನ ಸುತ್ತ ಗುಂಡಿನ ದಾಳಿಗೆ ಬಹಳ ಜನ ಸತ್ತದ್ದೂ ನಿಜ. ಆದರೆ ಹಾಡುಹಗಲೇ ಆ ಮೆಟ್ಟಿಲುಗಳ ಮೇಲೆ ಚಿತ್ರ ತೋರಿಸುವಂಥ ಕಗ್ಗೊಲೆ ನಡೆಯಲಿಲ್ಲ. ಚಿತ್ರದ ಕೊನೆಯಲ್ಲಿ ಎದುರಾದ ನೌಕಾಪಡೆ ಗುಂಡು ಹಾರಿಸದೆ ದಾರಿ ಬಿಡುತ್ತದೆ, ಎರಡೂ ಕಡೆ ಜಯಕಾರ, ಮುಕ್ತಾಯ. ನಿಜದ ಹಡಗು ಅಲ್ಲಿಂದ ಹೋಗಿ ಕೊನೆಗೆ ರೊಮೇನಿಯದ ಕಾನ್‌ಸ್ಟಾಂಟಾ ಬಂದರಿನಲ್ಲಿ ಶರಣಾಯಿತು. "ಇದು ಸುಳ್ಳಲ್ಲ, ಎಲ್ಲಿ ನಿಲ್ಲಿಸಬೇಕೆಂದು ಗೊತ್ತಿದ್ದವರ ಕೆಲಸ" ಎಂದಳು ಪಕ್ಕದಲ್ಲಿದ್ದ ಸಹಪಾಠಿ. ಪುಟದ ನೆತ್ತಿಯ ಎರಡನೆಯ ಇಸವಿ 1925; 1905ರ ಕ್ರಾಂತಿಯ ಇಪ್ಪತ್ತನೆಯ ವರ್ಷಕ್ಕೆಂದು ಸೋವಿಯತ್ ಸರಕಾರ ಮಾಡಿಸಿದ ಚಿತ್ರ. 1917ರಲ್ಲಿ ಗೆದ್ದ ಕ್ರಾಂತಿಗೆ 1905ರಲ್ಲಿ ಸೋತ ಕ್ರಾಂತಿಯೊಂದು ಪೂರ್ವಜನಾಗಿ ಬೇಕಿತ್ತು. ಶರಣಾಗತಿ ಆ ವಂಶವೃಕ್ಷದಲ್ಲಿ ಹೇಗೆ ಕೂರುತ್ತದೆ?

ಇಷ್ಟಾದರೂ ಹಲವರು ಕೊನೆಯವರೆಗೂ ತಪ್ಪು ಹೆಕ್ಕುವುದರಲ್ಲೇ ಉಳಿದರು. ನನಗೆ ಅದರಷ್ಟು ಬೇಗ ಬೇಸರ ತರಿಸುವ ಆಟ ಇನ್ನೊಂದಿಲ್ಲ. ಸ್ಕಾಟ್ಲೆಂಡಿನ ಕಥೆಯ 'ಬ್ರೇವ್‌ಹಾರ್ಟ್'ನಲ್ಲಿ 1297ರ ಸ್ಟರ್ಲಿಂಗ್ ಸೇತುವೆಯ ಕಾಳಗವಿದೆ, ಸೇತುವೆಯೇ ಇಲ್ಲ. ನಕ್ಕಾಯಿತು, ಮುಂದೇನು?

ಫ್ರೆಂಚರ ಆಳ್ವಿಕೆಯ ವಿರುದ್ಧ ಆಲ್ಜೀರಿಯದವರು ನಡೆಸಿದ ಹೋರಾಟದ ಚಿತ್ರ 'ದಿ ಬ್ಯಾಟಲ್ ಆಫ್ ಆಲ್ಜೀರ್ಸ್' ನೋಡಿದಾಗ ಕಷ್ಟ ಬೇರೆ ಬಗೆಯದು. ಅಲುಗಾಡುವ ಕ್ಯಾಮೆರಾ, ಕಾಳುಕಾಳಾದ ಕಪ್ಪು ಬಿಳುಪು. ಸುದ್ದಿಚಿತ್ರಗಳನ್ನೇ ಜೋಡಿಸಿದ್ದಾರೆ ಎಂದು ತರಗತಿಯ ಅರ್ಧಕ್ಕರ್ಧ ಜನ ನಂಬಿದ್ದರು. ಒಂದಡಿ ಸುದ್ದಿಚಿತ್ರವೂ ಇದರಲ್ಲಿಲ್ಲ. ಬಂಡುಕೋರರ ನಾಯಕರಲ್ಲೊಬ್ಬನ ಪಾತ್ರ ಮಾಡಿದ ಸಾದಿ ಯಾಸೆಫ್ ಸ್ವತಃ ಆ ಹೋರಾಟದ ಮುಂದಾಳು, ಚಿತ್ರದ ನಿರ್ಮಾಣದಲ್ಲೂ ಪಾಲುದಾರ. 1962ರಲ್ಲಿ ಆಲ್ಜೀರಿಯ ಸ್ವತಂತ್ರವಾಯಿತು, ಚಿತ್ರ ಬಂದದ್ದು 1966ರಲ್ಲಿ. ಗೆದ್ದವರು ಹೇಳಿದ ಕಥೆ ಎಂದು ಬದಿಗಿಡೋಣವೆಂದರೆ ಬಾಂಬಿಡಲು ಬಂದ ಯುವತಿ ಉಪಾಹಾರ ಗೃಹದೊಳಗೆ ಕಣ್ಣಾಡಿಸುವ ಆ ಕೆಲವು ಕ್ಷಣಗಳು ಬಿಡುವುದಿಲ್ಲ. ಅಲ್ಲಿ ಒಂದು ಮಗು ಐಸ್‌ಕ್ರೀಂ ತಿನ್ನುತ್ತಿದೆ. ಗೆದ್ದವರು ಆ ಮಗುವನ್ನು ಯಾಕೆ ಉಳಿಸಿಕೊಂಡರು ಎಂಬುದರ ಮೇಲೆ ಹೊತ್ತಿದ ಜಗಳ ತರಗತಿ ಮುಗಿದು ಕಾರಿಡಾರಿನಲ್ಲೂ ಆರಲಿಲ್ಲ.

ಒಂದು ದೂರು ಇದ್ದೇ ಇದೆ. ಒಂದು ಗಂಟೆಯ ಅವಧಿಗೆ ಎರಡು ಗಂಟೆಯ ಸಿನಿಮಾ ಹಿಡಿಸುವುದಿಲ್ಲ. ಅರ್ಧ ಈ ವಾರ, ಅರ್ಧ ಮುಂದಿನ ವಾರ ಎಂದರೆ ರಸ ಸೋರಿಹೋಗುತ್ತದೆ. ಪಾಠ ಸಂಜೆಗೆ ಬದಲಾದ ಮೇಲೆಯೇ ಸರಿಹೋಯಿತು.

ಸೆಮಿಸ್ಟರ್‌ನ ಪ್ರಬಂಧಕ್ಕೆ ನಾನು ತೆಗೆದುಕೊಂಡದ್ದು ಸತ್ಯಜಿತ್ ರಾಯ್ ಅವರ 'ಶತರಂಜ್ ಕೇ ಖಿಲಾಡಿ'. ಇಲ್ಲಿ ಇಸವಿ ಎರಡಲ್ಲ, ಮೂರು. 1856ರಲ್ಲಿ ಕಂಪನಿ ಅವಧ್ ರಾಜ್ಯವನ್ನು ನುಂಗಿದ್ದು, 1924ರಲ್ಲಿ ಪ್ರೇಮಚಂದ್ ಬರೆದ ಕಥೆ, 1977ರ ಚಿತ್ರ. ಪೆನ್ನಿಲ್ಲದೆ ಒಮ್ಮೆ ನೋಡಿದೆ, ಕಥೆ ಓದಿದೆ, ಆಮೇಲೆ ಬೇಕಾದ ದೃಶ್ಯಗಳನ್ನಷ್ಟೇ ನಿಲ್ಲಿಸಿ ನಿಲ್ಲಿಸಿ ಬರೆದುಕೊಂಡೆ. ಈ ಕ್ರಮ ಒಗ್ಗಿತು. ಮೊದಲೇ ಪೆನ್ನು ಹಿಡಿದರೆ ಪರದೆಗಿಂತ ಹಾಳೆಯನ್ನೇ ಹೆಚ್ಚು ನೋಡುತ್ತೇವೆ.

ಪ್ರೇಮಚಂದರ ಕಥೆಯಲ್ಲಿ ಚದುರಂಗದ ಇಬ್ಬರು ಜಾಗೀರುದಾರರು ಕೊನೆಗೆ ಕತ್ತಿ ಹಿರಿದು ಪರಸ್ಪರ ಕೊಂದುಕೊಳ್ಳುತ್ತಾರೆ. ರಾಯ್ ಆ ಇಬ್ಬರನ್ನೂ ಸಾಯಗೊಡಲಿಲ್ಲ. ರಾಜ್ಯ ಹೋದ ದಿನವೇ ಇಬ್ಬರೂ ಮತ್ತೆ ಆಟಕ್ಕೆ ಕೂರುತ್ತಾರೆ, ಈಗ ಇಂಗ್ಲಿಷರ ನಿಯಮದಂತೆ. ಹಲಗೆಯ ಮೇಲೆ ಮಂತ್ರಿಯ ಕಾಯಿ ಸರಿದು ರಾಣಿ ಬಂದಿದ್ದಾಳೆ. ಅವಧ್‌ನ ನವಾಬ ವಾಜಿದ್ ಅಲಿ ಶಾನಿಗೂ ಕಥೆಯಲ್ಲಿ ಇಲ್ಲದ ಜಾಗ ಚಿತ್ರದಲ್ಲಿ ಸಿಕ್ಕಿದೆ. ಅವನ ಆಸ್ಥಾನದಲ್ಲಿ ಕಂಪನಿಯ ಪ್ರತಿನಿಧಿಯಾದ ರೆಸಿಡೆಂಟ್ ಔಟ್ರಮ್ ಅವನ ದಿನಚರಿಯ ವರದಿ ಓದುತ್ತಾನೆ: ಇಷ್ಟು ಹೊತ್ತಿಗೆ ಗಾಳಿಪಟ, ಇಷ್ಟು ಹೊತ್ತಿಗೆ ಕವಿತೆ. ಇಂಥವನು ಅರಸನೇ ಎಂಬ ಪ್ರಶ್ನೆ ಔಟ್ರಮ್‌ನ ದನಿಯಲ್ಲೇ ಇದೆ. ಅದೇ ಅರಸ ಆಮೇಲೆ ಕಿರೀಟ ತೆಗೆದು ಕೈಯಲ್ಲಿ ಹಿಡಿದು ಮುಂದೆ ಚಾಚಿದಾಗ ಮುಜುಗರಪಡುವವನು ಔಟ್ರಮ್. ಗಣ್ಯರ ಹೊಣೆಗೇಡಿತನ ಕಥೆಗಾರರ ಕಣ್ಣು ಕುಕ್ಕಿತ್ತು. ಸ್ವಾತಂತ್ರ್ಯ ಬಂದು ಮೂವತ್ತು ವರ್ಷ ಕಳೆದ ಮೇಲೆ ರಾಯ್ ಅವರಿಗೆ ವರದಿ ಬರೆಯುವವರ ಕಡೆಗೂ ತಿರುಗಿ ನೋಡುವ ಬಿಡುವಿತ್ತು. ಪ್ರಬಂಧದ ತಿರುಳು ಇಷ್ಟೇ. 'ಮನೋಜ್ಞ ಅಭಿನಯ' ಎಂದು ಬರೆದ ಕಡೆಯೆಲ್ಲ ಮೇಷ್ಟ್ರ ಕೆಂಪು ಗೆರೆ ಬಿದ್ದಿತ್ತು, ಬಿದ್ದದ್ದು ಸರಿಯಾಗಿಯೇ ಇತ್ತು.

ಪರೀಕ್ಷೆಯಲ್ಲಿ ಹೆಸರು, ಇಸವಿ ಯಾವುದನ್ನೂ ಹೇಳದೆ ರಾಜರ ಕಾಲದ ಒಂದು ತುಣುಕನ್ನು ತೋರಿಸಿ, ಇದು ಯಾವ ದಶಕದಲ್ಲಿ ತಯಾರಾಗಿರಬೇಕು, ಯಾಕೆ, ಎಂದು ಕೇಳಿದರು. ಕೋಟೆ, ಕತ್ತಿ, ಒಡವೆ ಎಲ್ಲ ಹಳೆಯ ಶತಮಾನದ್ದೇ. ರಾಜಕುಮಾರಿಯ ಕಣ್ಣಿನ ಕಾಡಿಗೆ ಮಾತ್ರ ಬಾಲ ಎಳೆದುಕೊಂಡಿತ್ತು, ತುರುಬು ಗೋಪುರದಂತೆ ಎದ್ದಿತ್ತು. 1960ರ ದಶಕ ಎಂದು ಬರೆದೆ; ಮೂರು ಪುಟದ ಉತ್ತರದಲ್ಲಿ ಎರಡು ಪುಟ ಆ ತುರುಬಿಗೇ ಹೋಯಿತು.