ಹಳ್ಳಿ ಶಾಲೆಯ ಸೋಲಾರ್: ಲೆಕ್ಕ ಶುರುವಾಗುವುದು ವೇಳಾಪಟ್ಟಿಯಿಂದ

ಸ್ಮಾರ್ಟ್ ಕ್ಲಾಸ್‌ಗೆಂದು ಟಿವಿ ಬಂದಿರುವ ಹಳ್ಳಿ ಶಾಲೆಗಳಲ್ಲಿ ಸೋಲಾರ್ ಅಳವಡಿಸುವಾಗ ನಾವು ಮೊದಲು ಕೇಳುವುದು ಚಾವಣಿಯ ಅಳತೆಯನ್ನಲ್ಲ, ತರಗತಿಯ ವೇಳಾಪಟ್ಟಿಯನ್ನು. 43 ಇಂಚಿನ ಟಿವಿ 80 ವ್ಯಾಟ್, ಮೂರು ಗಂಟೆ. 30 ವ್ಯಾಟ್‌ನ ನಾಲ್ಕು ಬಿಎಲ್‌ಡಿಸಿ (ಕಡಿಮೆ ವಿದ್ಯುತ್ ಎಳೆಯುವ ಮೋಟಾರಿನ) ಫ್ಯಾನ್, ತಲಾ ಐದು ಗಂಟೆ. 9 ವ್ಯಾಟ್‌ನ ನಾಲ್ಕು ಎಲ್‌ಇಡಿ ಬಲ್ಬ್, ತಲಾ ಮೂರು ಗಂಟೆ. ಎಲ್ಲ ಸೇರಿ ದಿನಕ್ಕೆ ಸುಮಾರು 950 ವ್ಯಾಟ್-ಅವರ್ (ವ್ಯಾಟನ್ನು ಗಂಟೆಯಿಂದ ಗುಣಿಸಿದ ಲೆಕ್ಕ). ಇನ್ವರ್ಟರ್, ಬ್ಯಾಟರಿ, ವೈರುಗಳಲ್ಲಿ ಸೋರಿಹೋಗುವುದನ್ನೂ ಸೇರಿಸಿ 1,300 ಎಂದು ಹಿಡಿಯುತ್ತೇವೆ. ಹಳೆಯ 75 ವ್ಯಾಟ್ ಫ್ಯಾನ್‌ಗಳನ್ನೇ ಉಳಿಸಿಕೊಂಡರೆ ಅವಕ್ಕೇ 1,500 ಬೇಕಾಗುತ್ತದೆ. ಮೊದಲು ಫ್ಯಾನ್ ಬದಲಿಸಿ, ಆಮೇಲೆ ಪ್ಯಾನೆಲ್ ಮಾತು.

ಬಯಲುಸೀಮೆಯಲ್ಲಿ ದಿನಕ್ಕೆ ನಾಲ್ಕೂವರೆ ಗಂಟೆ ಪೂರ್ಣ ಬಿಸಿಲು ಎಂದು ಲೆಕ್ಕ ಹಾಕಬಹುದು. ಮಲೆನಾಡಿನ ಆಷಾಢದಲ್ಲಿ ನಾವು ಎರಡೂವರೆಗಿಂತ ಹೆಚ್ಚು ನಂಬುವುದಿಲ್ಲ. ಹಾಗಾಗಿ 330 ವ್ಯಾಟ್‌ನ ಎರಡು ಪ್ಯಾನೆಲ್, ದಕ್ಷಿಣಕ್ಕೆ ಮುಖ, 15 ಡಿಗ್ರಿ ಓರೆ. ಧ್ವಜಕಂಬದ ತೆಳು ನೆರಳು ಬಿದ್ದರೂ ಪ್ಯಾನೆಲ್‌ನ ಮೂರನೇ ಒಂದು ಪಾಲು ಕೆಲಸ ನಿಲ್ಲಿಸಬಹುದು. ಬೆಳಿಗ್ಗೆ ಒಂಬತ್ತಕ್ಕೂ ಮಧ್ಯಾಹ್ನ ಮೂರಕ್ಕೂ ನೆರಳು ನೋಡಿಯೇ ಜಾಗ ಗುರುತಿಸಬೇಕು. ಹೆಂಚಿನ ಮಾಡಾದರೆ ಅಂಗಳದಲ್ಲಿ ಕಬ್ಬಿಣದ ಕಂಬ ನೆಡುವುದೇ ಲೇಸು. ಹೆಂಚು ತುಳಿದವರಿಗೆ ಮಳೆಗಾಲದಲ್ಲಿ ಬೈಗುಳ ತಪ್ಪದು.

ಶಾಲೆಯ ಬಳಕೆಯೆಲ್ಲ ಹಗಲಿನದು, ದೊಡ್ಡ ಬ್ಯಾಟರಿ ದಂಡ. 12 ವೋಲ್ಟ್, 100 ಎಎಚ್‌ನ (ಆಂಪ್-ಅವರ್) ಎರಡು ಟ್ಯೂಬುಲರ್ (ನೀರು ತುಂಬುವ ಸೀಸದ) ಬ್ಯಾಟರಿ ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೊಂದು ಜೋಡಿಸಿ 24 ವೋಲ್ಟ್ ಮಾಡಿದರೆ, ಅರ್ಧ ಮಾತ್ರ ಖಾಲಿ ಮಾಡಿದರೂ 1,200 ವ್ಯಾಟ್-ಅವರ್ ಸಿಗುತ್ತದೆ. ಚಾರ್ಜಿಂಗ್ ಕರೆಂಟನ್ನು 10ರಿಂದ 15 ಆಂಪ್ಸ್‌ಗೆ ಮಿತಿಗೊಳಿಸಬೇಕು. ಬ್ಯಾಟರಿಯಿಂದ ಹೈಡ್ರೋಜನ್ ಹೊರಡುವುದರಿಂದ ಗಾಳಿಯಾಡುವ ಮೂಲೆಯಲ್ಲಿಡಿ, ಬೀರುವಿನೊಳಗೆ ಬೇಡ.

ಇನ್ವರ್ಟರ್ ಟ್ರಿಪ್ ಆಗುತ್ತಿದೆ ಎಂಬ ದೂರು ಬಂದರೆ ಮೊದಲು ಬಿಸಿಯೂಟದ ಅಡುಗೆಮನೆ ನೋಡಿ. 750 ವ್ಯಾಟ್‌ನ ಮಿಕ್ಸಿ ಶುರುವಾಗುವ ಕ್ಷಣದಲ್ಲಿ ಅದರ ಹಲವು ಪಟ್ಟು ಎಳೆಯುತ್ತದೆ. ಅಡುಗೆಮನೆಗೆ ಪ್ರತ್ಯೇಕ ಲೈನ್ ಎಳೆದು ಇನ್ವರ್ಟರ್‌ನಿಂದ ಬಿಡಿಸುವುದೇ ಪರಿಹಾರ. ಬುದ್ಧಿಮಾತು, ಚೀಟಿ ಅಂಟಿಸುವುದು ಯಾವುದೂ ನಡೆಯುವುದಿಲ್ಲ.

ಬ್ಯಾಟರಿಗೆ ನಿಜವಾದ ಗಂಡಾಂತರ ಬೇಸಿಗೆ ರಜೆ. ಸುರಕ್ಷಿತವಾಗಿರಲಿ ಎಂದು ಎಲ್ಲ ಸ್ವಿಚ್ಚನ್ನೂ ಆರಿಸಿ ಹೋದರೆ ಬ್ಯಾಟರಿ ತಾನಾಗಿಯೇ ಇಳಿದು, ಪ್ಲೇಟುಗಳ ಮೇಲೆ ಸಲ್ಫೇಟ್ ಗಟ್ಟಿಯಾಗುತ್ತದೆ. ಲೋಡ್ (ಟಿವಿ, ಫ್ಯಾನ್, ಬಲ್ಬ್) ಮಾತ್ರ ಆರಿಸಿ, ಪ್ಯಾನೆಲ್ ಸಂಪರ್ಕವನ್ನು ಹಾಗೆಯೇ ಉಳಿಸಬೇಕು. ರಜೆಗೆ ಮುನ್ನ ಬ್ಯಾಟರಿಯ ಫ್ಲೋಟ್‌ನ (ನೀರಿನ ಮಟ್ಟ ತೋರಿಸುವ ತೇಲುಕಡ್ಡಿ) ಗುರುತಿನವರೆಗೆ ಡಿಸ್ಟಿಲ್ಡ್ ವಾಟರ್ ತುಂಬಿ. ಬೋರ್‌ವೆಲ್ ನೀರು ಖಂಡಿತ ಬೇಡ. ಏಪ್ರಿಲ್-ಮೇ ಬಿಸಿಲಿಗೆ ನೀರು ಬೇಗ ಇಳಿಯುವುದರಿಂದ ನಡುವೆ ಒಮ್ಮೆ ನೋಡಲೇಬೇಕು. ಕೋಣೆಯ ಬೀಗದ ಕೈ ಶಾಲೆಯ ಪಕ್ಕದಲ್ಲೇ ಇರುವ ಎಸ್‌ಡಿಎಂಸಿ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸದಸ್ಯರೊಬ್ಬರ ಬಳಿ ಇರಲಿ.