ಹಳೆ ಬ್ರೋಚಿನ ಹಸಿರು ಕಿಲುಬು ಹೋಗಿದ್ದು ಹೀಗೆ

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಹಳೆ ಸಾಮಾನಿನ ಜೊತೆ ಸಿಕ್ಕ ಬ್ರೋಚ್ ಇದು. ಚಿನ್ನದ ಊರಲ್ಲಿ ಸಿಕ್ಕರೂ ಚಿನ್ನವಲ್ಲ. ಹಿತ್ತಾಳೆಗೆ ಗಿಲೀಟು, ಮೇಲೆ ಗಾಜಿನ ಕಲ್ಲು. ಪಿನ್ನಿನ ಬುಡದಲ್ಲಿ, ಕಲ್ಲಿನ ಸುತ್ತ ಹಸಿರು ಪುಡಿ. ಒರೆಸಿದರೆ ಹೋಗುತ್ತಿತ್ತು, ಹದಿನೈದು ದಿನಕ್ಕೆ ಮತ್ತೆ ಹಾಜರ್.

ಹುಣಸೆಹಣ್ಣು ಹಚ್ಚಿದೆ, ಒಂದು ಮೂಲೆಯ ಗಿಲೀಟೇ ಹೋಯಿತು. ಟೂತ್‌ಪೇಸ್ಟ್ ಗೀರು ಬಿಟ್ಟಿತು. ಸೋಪು ನೀರಲ್ಲಿ ನೆನೆಸಿದ್ದೇ ದೊಡ್ಡ ತಪ್ಪು. ಇಂಥ ಕಲ್ಲುಗಳ ಬೆನ್ನಿಗೆ ಕನ್ನಡಿಯಂಥ ತೆಳು ಲೇಪ ಇರುತ್ತದೆ. ನೀರು ಒಳಗೆ ಹೋದರೆ ಅದು ಕಪ್ಪಾಗುತ್ತದೆ. ಎರಡು ಕಲ್ಲು ಹಾಗೇ ಹೊಳಪು ಕಳೆದುಕೊಂಡವು.

ಕೊನೆಗೆ ಕೆಲಸ ಮಾಡಿದ್ದು ಬಿಳಿ ವಿನೆಗರ್, ಆದರೆ ಕ್ರಮ ಮುಖ್ಯ. ಮೊದಲು ಒಣ ಪುಡಿಯನ್ನು ಮರದ ಟೂತ್‌ಪಿಕ್‌ನಿಂದ ಕೆರೆದು ತೆಗೆಯಿರಿ. ಸೂಜಿ ಬೇಡ. ಇಯರ್‌ಬಡ್ಡನ್ನು ವಿನೆಗರ್‌ಗೆ ಅದ್ದಿ, ಟಿಶ್ಯೂ ಮೇಲೆ ಒತ್ತಿ. ಪಸೆ ಇರಬೇಕು, ಹನಿ ಬೀಳಬಾರದು. ಕಲ್ಲು ಕೆಳಮುಖವಾಗಿರುವಂತೆ ಬ್ರೋಚ್ ಹಿಡಿಯಿರಿ, ಆಗ ಹುಳಿ ಕಲ್ಲಿನ ಗೂಡಿಗೆ ಇಳಿಯುವುದಿಲ್ಲ. ಹಸಿರಿರುವ ಜಾಗಕ್ಕಷ್ಟೇ 30 ಸೆಕೆಂಡು ಒತ್ತಿ. ಬಡ್ ಹಸಿರಾದ ಕೂಡಲೇ ಬದಲಿಸಿ. ನನಗೆ 14 ಬೇಕಾದವು!

ಆಮೇಲೆ ಡಿಸ್ಟಿಲ್ಡ್ ವಾಟರ್ ತಾಗಿಸಿದ ಬಡ್‌ನಿಂದ ಮೂರು ಸಲ ಒರೆಸಿ. ಮೊದಲು ನಾನು ಮಾಡದೆ ಬಿಟ್ಟಿದ್ದು ಇದನ್ನೇ. ಹುಳಿ ಉಳಿದರೆ ಕಿಲುಬು ವಾಪಸ್. ಡಿಸ್ಟಿಲ್ಡ್ ವಾಟರ್ ಬ್ಯಾಟರಿ ಅಂಗಡಿಯಲ್ಲಿ ಸಿಗುತ್ತದೆ. ನಮ್ಮ ಕೋಲಾರದ ಬೋರ್‌ವೆಲ್ ನೀರು ಮಾತ್ರ ಬೇಡ, ಬಿಳಿ ಕಲೆ ಕೂರುತ್ತದೆ.

ಹೇರ್ ಡ್ರೈಯರ್‌ನ ತಣ್ಣನೆ ಗಾಳಿ, 10 ನಿಮಿಷ. ಬಿಸಿಯಾದರೆ ಅಂಟು ಬಿಡುತ್ತದೆ. ಈಗ ಸಿಲಿಕಾ ಜೆಲ್ ಪೊಟ್ಟಣದ ಜೊತೆ ಬೇರೆ ಡಬ್ಬಿಯಲ್ಲಿಟ್ಟಿದ್ದೇನೆ. ಐದು ತಿಂಗಳಾಯಿತು, ಹಸಿರು ಬಂದಿಲ್ಲ.